ಕಷ್ಟಪಟ್ಟರಷ್ಟೇ ಕಂಪ್ಯೂಟರ್ ಬರುತ್ತದೆಯೆ?

ನಲವತ್ತೈದು ದಾಟಿದ ಸಾಫ್ಟ್‌ವೇರ್ ಎಂಜಿನಿಯರುಗಳು ನಾಲ್ಕು ಜನ ಸೇರಿದರೆ ಒಂದು ಗೊಣಗಾಟ ಬಂದೇ ಬರುತ್ತದೆ. ಈಗಿನ ಹುಡುಗರಿಗೆ ಎಲ್ಲವೂ ಕೂತಲ್ಲೇ ಸಿಗುತ್ತದೆ, ಹಾಗಾಗಿ ಒಳಗಿನದೇನೂ ಗೊತ್ತಿಲ್ಲ; ನಾವಾದರೋ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಲು ನಿದ್ದೆಗೆಟ್ಟವರು, ಅಲ್ಟಾವಿಸ್ಟಾದಲ್ಲಿ ತಡಕಾಡಿ ಕಲಿತವರು, ಅಂತ. ಬೆಂಗಳೂರಿನ ವಿಜಯನಗರದಂಥ ಬಡಾವಣೆಯಲ್ಲಿ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸರ್ಕಾರಿ ಕಚೇರಿ, ಬ್ಯಾಂಕು, ಕಾರ್ಖಾನೆಯ ಸಂಬಳದಲ್ಲಿ ಸೈಟು ಕೊಂಡು ಮನೆ ಕಟ್ಟಿದವರ ಮಕ್ಕಳು ಇಲ್ಲಿಂದಲೇ ಐ.ಟಿ. ಕಂಪನಿಗಳಿಗೆ ಹೊರಟರು. ಆ ಮಕ್ಕಳ ಮಕ್ಕಳು ಈಗ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದಾರೆ. ಅವರಿಗೆ ಅಪ್ಪ ಹೇಳುವುದು ಪೂರ್ತಿ ನಿಜವೇ? ಕಲಿಸಿದ್ದು ಕಷ್ಟವೋ, ಕಷ್ಟದ ಜೊತೆಗಿದ್ದ ಬೇರೇನೋ?

ಕಷ್ಟವಿದ್ದದ್ದಂತೂ ಹೌದು. ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಅದು ಸಿಕ್ಕಿದ್ದು ಮೊದಲು ನಾಲ್ಕು ಮಹಾನಗರಗಳಿಗೆ, ಬೆಂಗಳೂರಿಗೆ ಆಮೇಲೆ. ಸೆಕೆಂಡಿಗೆ 9.6 ಕಿಲೋಬಿಟ್ ವೇಗದ, 250 ಗಂಟೆಗಳ ಖಾತೆಗೆ ಬಿಡಿ ಗ್ರಾಹಕರು 5,000 ರೂಪಾಯಿ ಕಟ್ಟಬೇಕಿತ್ತು. ಫೋನಿನ ಬಿಲ್ಲು ಬೇರೆ. 1998ರ ಕೊನೆಗೆ ಖಾಸಗಿಯವರಿಗೂ ಅವಕಾಶ ಸಿಕ್ಕ ಮೇಲೆ ಬಡಾವಣೆ ಬಡಾವಣೆಗೂ ಸೈಬರ್ ಕೆಫೆಗಳು ಬಂದವು. ವಿಜಯನಗರ ಕಡೆಯ ಹಂಪಿನಗರ, ಅತ್ತಿಗುಪ್ಪೆ, ಮಾರುತಿ ಮಂದಿರದ ಸುತ್ತಮುತ್ತಲ ಹುಡುಗರಿಗೆ ಅದು ಬರೀ ‘ಸೈಬರ್’. ಪ್ಲೈವುಡ್ಡಿನ ಅಡ್ಡಗೋಡೆ, ಗಲ್ಲಾದ ಪಕ್ಕ ಹೆಸರು, ಟೈಮು ಬರೆಯುವ ನೋಟ್‌ಬುಕ್ಕು, ಪರೀಕ್ಷೆಯ ರಿಸಲ್ಟ್ ಬಂದ ದಿನ ಬಾಗಿಲಾಚೆಗೂ ನಿಂತ ಜನ. ಅಲ್ಲಿ ಹುಡುಕಾಟಕ್ಕೆ ಕುಳಿತವನ ಕಣ್ಣು ಪರದೆಯ ಮೇಲೆಷ್ಟೋ ಗೋಡೆಯ ಗಡಿಯಾರದ ಮೇಲೂ ಅಷ್ಟೇ.

ಹುಡುಕುವ ಸಾಧನಗಳೂ ಆಗ ಒರಟು. 1994ರಲ್ಲಿ ಶುರುವಾದ ಯಾಹೂ, ಮನುಷ್ಯರು ಕೂತು ವಿಂಗಡಿಸಿದ ಒಂದು ವಿಷಯಪಟ್ಟಿ. 1995ರ ಡಿಸೆಂಬರಿನಲ್ಲಿ ಬಂದ ಅಲ್ಟಾವಿಸ್ಟಾ ಪುಟಗಳ ಒಳಗಿನ ಪದಗಳನ್ನೆಲ್ಲ ಹುಡುಕಿತು, ಆದರೆ ಯಾವ ಪುಟ ಮುಖ್ಯ ಎಂದು ಆರಿಸಲು ಅದಕ್ಕೆ ಅಷ್ಟಾಗಿ ಬರುತ್ತಿರಲಿಲ್ಲ. ‘ಲಿನಕ್ಸ್ ಸೌಂಡ್’ ಎಂದು ಹೊಡೆದರೆ ಸಾವಿರಾರು ಪುಟ ಸುರಿಯುತ್ತಿತ್ತು. ಬೇಕಾದ ಪದಕ್ಕೆ ಪ್ಲಸ್, ಬೇಡದ್ದಕ್ಕೆ ಮೈನಸ್, ಪದಗುಚ್ಛಕ್ಕೆ ಉದ್ಧರಣ ಚಿಹ್ನೆ ಹಾಕಿ ಸೋಸಬೇಕಿತ್ತು. 1998ರಲ್ಲಿ ಕಂಪನಿಯಾದ ಗೂಗಲ್, ಒಂದು ಪುಟದ ಕಡೆಗೆ ಎಷ್ಟು ಪುಟಗಳು, ಎಂಥ ಪುಟಗಳು ಕೊಂಡಿ ಹಾಕಿವೆ ಎಂಬ ಲೆಕ್ಕದಿಂದ ಈ ತೊಂದರೆಯನ್ನು ಬಹುಪಾಲು ನೀಗಿತು. ಲಿನಕ್ಸಿನವರಿಗೆಂದೇ ಪೆಂಗ್ವಿನ್ ಚಿತ್ರದ ಪ್ರತ್ಯೇಕ ಹುಡುಕುಪುಟವನ್ನೂ ಅದು ಹಲವು ವರ್ಷ ಇಟ್ಟಿತ್ತು.

ಈ ಸೋಸುವ ಕೆಲಸದಲ್ಲಿ ನಿಜವಾದ ಪಾಠವೊಂದಿತ್ತು. ಪರದೆಯ ಮೇಲೆ ಬಂದ ದೋಷದ ಸಾಲನ್ನು ಹಾಗೇ ಹುಡುಕಿದರೆ ಏನೂ ಸಿಗದು. ಅದರಲ್ಲಿ ನಮ್ಮ ಫೋಲ್ಡರಿನ ಹೆಸರಿರುತ್ತದೆ, ನಮ್ಮ ಯಂತ್ರದ್ದೇ ಆದ ಅಂಕಿಗಳಿರುತ್ತವೆ. ಅವನ್ನು ಕಿತ್ತುಹಾಕಿ, ಇನ್ನೊಬ್ಬನ ಪರದೆಯಲ್ಲೂ ಬಂದಿರಬಹುದಾದ ಭಾಗವನ್ನಷ್ಟೇ ಉಳಿಸಬೇಕು. ತನಗೊಬ್ಬನಿಗೇ ಒದಗಿದ ಪೀಡೆಯೊಳಗೆ ಎಲ್ಲರಿಗೂ ಬರುವ ಪ್ರಶ್ನೆಯನ್ನು ಗುರುತಿಸುವುದೆಂದರೆ ಇದೇ. ಯಾವ ಲ್ಯಾಬಿನ ಸಿಲೆಬಸ್ಸಿನಲ್ಲೂ ಇದು ಇರಲಿಲ್ಲ.

ಇನ್‌ಸ್ಟಾಲ್ ಮಾಡುವುದರಲ್ಲೂ ಹೀಗೇ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರಬಿಟ್ಟ ಲಿನಕ್ಸ್, ತೊಂಬತ್ತರ ದಶಕದ ಎರಡನೆಯ ಅರ್ಧದಲ್ಲಿ ನಮ್ಮವರ ಕೈಗೆ ಬಂದದ್ದು ಹೆಚ್ಚಾಗಿ ‘ಪಿಸಿ ಕ್ವೆಸ್ಟ್’ ಪತ್ರಿಕೆಯ ಜೊತೆ ಕೊಡುತ್ತಿದ್ದ ಸಿ.ಡಿ.ಯಾಗಿ. 2005ರಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಬಂದ ಮೇಲೆ, ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕವಿಲ್ಲ ಎಂಬ ಪ್ಲ್ಯಾನ್ ಅನೇಕ ಮನೆಗಳಲ್ಲಿತ್ತು. 256 ಕಿಲೋಬಿಟ್ ವೇಗದಲ್ಲಿ ಒಂದು ಸಿ.ಡಿ. ಇಳಿಯಲು ಆ ಆರು ಗಂಟೆ ಹೆಚ್ಚೂಕಡಿಮೆ ಪೂರ್ತಿ ಬೇಕು. ನಡುವೆ ಕರೆಂಟು ಹೋದರೆ ನಿಂತಲ್ಲಿಂದಲೇ ಮುಂದುವರಿಸುವ ಆದೇಶ ಯಾವುದೆಂದು ಗೊತ್ತಿರಬೇಕು, ಇಲ್ಲವೇ ನಾಳೆ ರಾತ್ರಿ ಮತ್ತೆ ಮೊದಲಿಂದ.

ಸಿ.ಡಿ. ಸಿಕ್ಕಿ, ಡಿಸ್ಕಿನಲ್ಲಿ ಜಾಗ ಮಾಡಿ, ಎಲ್ಲ ಮುಗಿಯಿತು ಎಂದು ರೀಸ್ಟಾರ್ಟ್ ಮಾಡಿದಾಗ ಎದುರಾಗುತ್ತಿದ್ದದ್ದು ಲಿಲೋ. ಲಿನಕ್ಸನ್ನು ಎಬ್ಬಿಸುವ ಈ ಪುಟ್ಟ ಪ್ರೋಗ್ರಾಮು ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಮೂಡಿಸುತ್ತಿತ್ತು. ‘ಎಲ್’ ಬಂತೆಂದರೆ ಮೊದಲ ಹಂತ ಎದ್ದಿದೆ. ‘ಐ’ ಬಂತೆಂದರೆ ಎರಡನೆಯ ಹಂತವನ್ನು ಡಿಸ್ಕಿನಿಂದ ಓದಿಕೊಂಡಿದೆ. ಅಲ್ಲಿಗೇ ನಿಂತರೆ, ಓದಿಕೊಂಡದ್ದನ್ನು ನಡೆಸಲಾಗಿಲ್ಲ: ಒಂದೋ ಡಿಸ್ಕಿನ ಅಳತೆಯ ಲೆಕ್ಕ, ಯಂತ್ರ ಏಳುವಾಗ ಮೊದಲು ಓಡುವ ಬಯಾಸಿಗೆ ಹೊಂದಿಲ್ಲ, ಇಲ್ಲವೇ ಕಡತ ಜಾಗ ಬದಲಿಸಿದೆ. ಮೂರನೆಯದರಲ್ಲಿ ನಿಂತರೆ, ಮುಂದಿನದೆಲ್ಲ ಎಲ್ಲಿದೆ ಎಂದು ಬರೆದಿಟ್ಟ ನಕ್ಷೆಯನ್ನು ಓದಲಾಗಿಲ್ಲ. ನಾಲ್ಕೂ ಬಂದರೆ ಸರಿ. ‘ಲಿ’ ಎಂದು ತಡವರಿಸಿ ಸುಮ್ಮನಾದ ಪರದೆಯ ಮುಂದೆ ಕುಳಿತ ಹುಡುಗ ಮೊದಲು ಶಪಿಸುತ್ತಿದ್ದ. ಆ ಅಕ್ಷರಗಳ ಅರ್ಥ ತಿಳಿದ ಮೇಲೆ ಫ್ಲಾಪಿಯಿಂದ ಯಂತ್ರ ಎಬ್ಬಿಸಿ, ಲಿಲೋವನ್ನು ಮತ್ತೆ ಬರೆಸಿ, ಕೆಲಸ ಮುಗಿಸುತ್ತಿದ್ದ. ಕಂಪ್ಯೂಟರ್ ಹೇಗೆ ಏಳುತ್ತದೆ ಎಂಬುದು ಅವನಿಗೆ ಅದರೊಟ್ಟಿಗೇ ಬರುತ್ತಿತ್ತು.

ಇಷ್ಟರವರೆಗೆ ಅಪ್ಪನ ಮಾತು ಸರಿ. ಆದರೆ ಅದೇ ಯಂತ್ರದ ಒಳಗಿದ್ದ ಮೋಡೆಮ್ಮನ್ನು ನೋಡಿ. ಅಗ್ಗದ ಕಂಪ್ಯೂಟರುಗಳಲ್ಲಿ ಬರುತ್ತಿದ್ದ ‘ವಿನ್‌ಮೋಡೆಮ್’ ಅರೆಬರೆ ಮೋಡೆಮ್; ತನ್ನ ಕೆಲಸದ ಬಹುಪಾಲನ್ನು ಅದು ವಿಂಡೋಸಿನ ಡ್ರೈವರಿಗೆ ಬಿಡುತ್ತಿತ್ತು. ತಯಾರಕರು ಅದರ ಒಳಗುಟ್ಟನ್ನು ಹೇಳುತ್ತಿರಲಿಲ್ಲ, ಹಾಗಾಗಿ ಲಿನಕ್ಸಿನಲ್ಲಿ ಅದು ಸಾಮಾನ್ಯವಾಗಿ ನಡೆಯುತ್ತಲೇ ಇರಲಿಲ್ಲ. ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ವಿಂಡೋಸಿಗೆ ಹೋಗಿ ಹುಡುಕಿ, ಫ್ಲಾಪಿಗೆ ತುಂಬಿಕೊಂಡು, ಲಿನಕ್ಸಿಗೆ ಬಂದು, ಆಗದೆ, ಮತ್ತೆ ವಿಂಡೋಸಿಗೆ. ಈ ಓಡಾಟ ಕಲಿಸಿದ್ದು ಇಷ್ಟೇ: ಮುಂದಿನ ಸಲ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದಾಗ ಹೊರಗಿಂದ ಜೋಡಿಸುವ ಸೀರಿಯಲ್ ಮೋಡೆಮ್ಮನ್ನೇ ಕೇಳು. ಲಿಲೋ ಮತ್ತು ವಿನ್‌ಮೋಡೆಮ್ ಎರಡೂ ನಿದ್ದೆಗೆಡಿಸಿದವು. ಮೊದಲನೆಯದು ತಾನು ಎಲ್ಲಿ ನಿಂತೆ ಎಂದು ಹೇಳಿತು, ಎರಡನೆಯದು ಬಾಯಿಬಿಡಲಿಲ್ಲ. ಕಳೆದ ರಾತ್ರಿಗಳ ಲೆಕ್ಕದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಕನ್ನಡದವರಿಗೆ ಬಾಯಿಬಿಡದ ಈ ಬಗೆಯ ಕಷ್ಟ ಇನ್ನೂ ಒಂದು ಪಾಲು ಹೆಚ್ಚು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿದ್ದರೂ, ಕನ್ನಡ ಜಾಲತಾಣಗಳು ಬಹುಕಾಲ ತಮ್ಮ ತಮ್ಮದೇ ಫಾಂಟುಗಳಲ್ಲಿ ನಡೆದವು. ಓದುವವನ ಕಣ್ಣಿಗೆ ಕನ್ನಡ, ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕನ್ನಡದಲ್ಲಿ ಬರೆದದ್ದು ಇಂಟರ್ನೆಟ್ಟಿನಲ್ಲಿದ್ದೂ ಹುಡುಕಿದರೆ ಸಿಗುತ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಲಿನಕ್ಸಿನಲ್ಲಿ ಆಗಲೂ ಒತ್ತಕ್ಷರ ಪಕ್ಕಕ್ಕೆ ಜಾರುತ್ತಿತ್ತು. ಫೈರ್‌ಫಾಕ್ಸಿನಲ್ಲಿ ಕನ್ನಡ ನೆಟ್ಟಗೆ ಕಾಣಲು ಪ್ಯಾಂಗೊ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಬಳಕೆದಾರನೇ ಚಾಲೂ ಮಾಡಬೇಕಿದ್ದ ಕಾಲವಿತ್ತು. ದೋಷದ ಸಾಲು ಇಂಗ್ಲಿಷಿನಲ್ಲಿ, ಉತ್ತರ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವನು ಹಿಂದುಳಿದದ್ದು ಬುದ್ಧಿಯ ಕೊರತೆಯಿಂದಲ್ಲ, ಯಂತ್ರ ಹೇಳಿದ್ದು ಅವನಿಗೆ ತಲುಪದೆ.

ಇನ್ನೊಂದು ವಿಷಯವನ್ನು ಹಳಬರು ಹೇಳುವುದೇ ಇಲ್ಲ. ಕೆಡಿಸಿ ಕಲಿಯಲು ಕೆಟ್ಟರೂ ನಡೆಯುವಂಥ ಯಂತ್ರ ಬೇಕು. ಮನೆಗೆಲ್ಲ ಒಂದೇ ಕಂಪ್ಯೂಟರಿದ್ದಾಗ, ಪಾರ್ಟಿಷನ್ ಮಾಡುವಾಗ ಕೈತಪ್ಪಿದರೆ ಹೋಗುತ್ತಿದ್ದದ್ದು ಅಕ್ಕನ ಪ್ರಾಜೆಕ್ಟು, ಅಪ್ಪನ ಆಫೀಸಿನ ಲೆಕ್ಕ. ರಾತ್ರಿ ಹತ್ತರವರೆಗೆ ಸೈಬರಿನಲ್ಲಿ ಕೂರುವ ಸ್ವಾತಂತ್ರ್ಯ ಹುಡುಗರಿಗಿದ್ದಷ್ಟು ಹುಡುಗಿಯರಿಗಿರಲಿಲ್ಲ. ‘ನಾವು ಕಷ್ಟಪಟ್ಟು ಕಲಿತೆವು’ ಎನ್ನುವವರು ಕಲಿತು ಉಳಿದವರು. ಅದೇ ಕಷ್ಟಕ್ಕೆ ಬೇಸತ್ತು ಸಿ.ಡಿ.ಯನ್ನು ಡ್ರಾಯರಿಗೆ ಹಾಕಿದವರನ್ನು ಯಾರೂ ಎಣಿಸಿಲ್ಲ.

ಹಾಗೆ ಕಲಿತು ಉಳಿದವರೂ ಒಬ್ಬೊಬ್ಬರೇ ಕಲಿಯಲಿಲ್ಲ. ಬೆಂಗಳೂರಿನಲ್ಲಿ ಲಿನಕ್ಸ್ ಬಳಕೆದಾರರ ಗುಂಪಿತ್ತು. ಅತುಲ್ ಚಿಟ್ನಿಸ್ ಮತ್ತು ಸಂಗಡಿಗರು 2001ರಲ್ಲಿ ಶುರುಮಾಡಿದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಮುಂದೆ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು. ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯದಲ್ಲಿ, ಸುದರ್ಶನ ಲೇಔಟಿನ ಕೊಳೆಗೇರಿಯ ಮಕ್ಕಳಿಗೆ ಸ್ವತಂತ್ರ ತಂತ್ರಾಂಶ ಚಳವಳಿಯವರು ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರುಗಳಲ್ಲಿ ಪಾಠ ಹೇಳಿದರು. ಆ ಮಕ್ಕಳು ಗಿಂಪ್‌ನಲ್ಲಿ ಚಿತ್ರ ಬಿಡಿಸಿದರು.

ಇದಕ್ಕಿಂತ ದೊಡ್ಡ ಉದಾಹರಣೆ ಗಡಿಯಾಚೆ ಇದೆ. ಕೇರಳ 2001ರಲ್ಲಿ ಆರಂಭಿಸಿದ ಐ.ಟಿ. ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್, ಅಲ್ಲಿನ ಶಾಲೆಗಳನ್ನು ಲಿನಕ್ಸಿಗೆ ತಂದಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳು ಗಿಂಪ್, ಇಂಕ್‌ಸ್ಕೇಪ್, ಪೈಥಾನ್ ಕಲಿಯುವುದು ಲಿನಕ್ಸಿನಲ್ಲಿ, ಅದೂ ಕನ್ನಡದ ಪಠ್ಯಪುಸ್ತಕದಿಂದ. ಅವರಲ್ಲಿ ಯಾರೂ ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದವರಲ್ಲ.

ಈಗ ವಿಜಯನಗರದ ಮೆಟ್ರೋ ನಿಲ್ದಾಣದಲ್ಲಿ ನಿಂತ ಬಹುಪಾಲು ಜನರ ಜೇಬಿನಲ್ಲಿ ಲಿನಕ್ಸ್ ಇದೆ. ಆಂಡ್ರಾಯ್ಡ್ ಫೋನಿನ ತಿರುಳು ಅದೇ. ಯಾರೂ ಅದನ್ನು ಇನ್‌ಸ್ಟಾಲ್ ಮಾಡಿಲ್ಲ, ಮಾಡಬೇಕಾಗಿಯೂ ಇಲ್ಲ. ಚಿಂತೆ ಇರುವುದು ಅಲ್ಲಲ್ಲ. ಆ್ಯಪ್ ಕೈಕೊಟ್ಟಾಗ ಬರುವ ಸಾಲು ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’. ಕನ್ನಡದಲ್ಲಿದೆ, ಆದರೆ ಲಿಲೋದ ‘ಎಲ್’, ‘ಐ’ ಎಂಬ ಎರಡಕ್ಷರ ಹೇಳಿದಷ್ಟನ್ನೂ ಹೇಳುವುದಿಲ್ಲ. ಹುಡುಕಿದರೆ ಹತ್ತು ಪುಟಗಳ ಬದಲು ಸಿದ್ಧ ಉತ್ತರವೊಂದು ಮೇಲೇ ಬಂದು ಕೂರುತ್ತದೆ, ಅಂಟಿಸಬೇಕಾದ ಆದೇಶದ ಸಮೇತ. ಅಂಟಿಸಿದ್ದು ಕೆಲಸ ಮಾಡಿದರೆ ಏಕೆ ಮಾಡಿತು ಎಂದು ಯಾರೂ ಕೇಳುವುದಿಲ್ಲ, ಮಾಡದಿದ್ದರೆ ಇನ್ನೊಂದನ್ನು ಅಂಟಿಸುತ್ತಾರೆ. ಮಗನಿಗೆ ಸುಖ ಹೆಚ್ಚಾಯಿತು ಎಂದು ಅಪ್ಪ ದೂರುವುದಕ್ಕಿಂತ, ಅವನ ಯಂತ್ರ ಅವನಿಗೆ ಕಾರಣ ಹೇಳುತ್ತಿಲ್ಲ ಎಂದು ದೂರಿದರೆ ಅರ್ಥವಿದೆ.

ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಯುನಿಕ್ಸ್ ಆದೇಶಗಳನ್ನು ಹೇಳಿಕೊಡುತ್ತಾರೆ, ಆದರೆ ಸಾಮಾನ್ಯವಾಗಿ ಲಿನಕ್ಸನ್ನು ಮೊದಲೇ ಹಾಕಿಟ್ಟಿರುತ್ತಾರೆ. ವಿದ್ಯಾರ್ಥಿ ಅದು ಮುರಿದದ್ದನ್ನು ನೋಡುವುದೇ ಇಲ್ಲ. ಎಸ್.ಪಿ. ರೋಡಿನ ಒಂದು ಹಳೆಯ ಡೆಸ್ಕ್‌ಟಾಪ್ ಸಾಕು, ಅದೂ ಬೇಡವೆಂದರೆ ವರ್ಚುವಲ್ ಮಷೀನಿದೆ: ಕೆಟ್ಟರೆ ಅಳಿಸಿ ಇನ್ನೊಂದನ್ನು ತೆರೆಯಬಹುದು, ಅಕ್ಕನ ಪ್ರಾಜೆಕ್ಟಿಗೆ ಏನೂ ಆಗುವುದಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಇಬ್ಬಿಬ್ಬರನ್ನು ಅದರ ಮುಂದೆ ಕೂರಿಸಿ, ಬೂಟ್ ಆಗದಂತೆ ಬೇಕೆಂದೇ ಕೆಡಿಸಿದ ಲಿನಕ್ಸನ್ನು ಕೊಟ್ಟರೆ ಆಯಿತು. ಸರಿಮಾಡಿದ್ದಕ್ಕಲ್ಲ, ಎಲ್ಲಿ ನಿಂತಿತ್ತು, ಅದು ಹೇಗೆ ಗೊತ್ತಾಯಿತು ಎಂದು ಬರೆದದ್ದಕ್ಕೆ ಅಂಕ ಕೊಡಲಿ. ಆ ಬರಹವನ್ನು ಯೂನಿಕೋಡ್ ಕನ್ನಡದಲ್ಲಿ ಕಾಲೇಜಿನ ಜಾಲತಾಣಕ್ಕೆ ಹಾಕಿದರೆ, ಮುಂದಿನ ವರ್ಷ ಅದೇ ಕಡೆ ಸಿಕ್ಕಿಬಿದ್ದವಳು ಕನ್ನಡದಲ್ಲಿ ಹುಡುಕಿದಾಗ ಅದು ಸಿಗುತ್ತದೆ.