ಸಣ್ಣಗಿದ್ದವರಿಗೆ ಶುಗರ್ ಬರಲ್ಲ ಅಂತ ಯಾರು ಹೇಳಿದ್ದು?



ಶಿಕಾರಿಪುರ, ಸೊರಬದ ಕಡೆ ನಮ್ಮ ಕೇರಿಗಳಲ್ಲಿ ಒಂದು ನಂಬಿಕೆ ಇದೆ. ಬೊಜ್ಜು, ಶುಗರ್ ಎಲ್ಲ ಉಳ್ಳವರ ಕಾಯಿಲೆ, ಕೂಲಿ ಮಾಡೋ ನಮಗೇನು? ಶುಂಠಿ ಹೊಲದಲ್ಲಿ ಬಗ್ಗಿ ಬಗ್ಗಿ ಸೊಂಟ ಹೋದ ಅಕ್ಕನಿಗೂ, ಜೋಳದ ಮೂಟೆ ಹೊರೋ ಅಣ್ಣನಿಗೂ ಇದೇ ಧೈರ್ಯ. ಈ ಧೈರ್ಯ ಅಪಾಯಕಾರಿ.

ತೂಕ ಬೇರೆ, ಕೊಬ್ಬು ಬೇರೆ. ಬಿಎಂಐ ಅಂದ್ರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸೋದು, ಅಷ್ಟೇ. ಆ ತೂಕದಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಅಂತ ಅದು ಹೇಳಲ್ಲ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಮೈಯ ಲೆಕ್ಕ ಕೊಟ್ಟರು. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2!

ಪುಣೆ ಸುತ್ತಲ ಹಳ್ಳಿಗಳಲ್ಲಿ ಯಾಜ್ಞಿಕ್ ತಂಡ ಕಂಡಿದ್ದು ಇನ್ನೂ ಮುಖ್ಯ. ಅಲ್ಲಿನ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ, ಮಾಂಸಖಂಡದಲ್ಲಿ ಬಹಳ ಕಮ್ಮಿ, ಕೊಬ್ಬಿನಲ್ಲಿ ಅಷ್ಟು ಕಮ್ಮಿಯಿಲ್ಲ. ಬಸುರಿಯ ಊಟಕ್ಕೂ ಇದಕ್ಕೂ ನಂಟಿದೆ. ಹಾಗಾದ್ರೆ ತಲೆಮಾರುಗಟ್ಟಲೆ ತಂಗಳು ತಿಂದು ಬಸುರಿ ಬಾಣಂತನ ಕಳೆದವರ ಮೊಮ್ಮಕ್ಕಳ ಗತಿ? ಇದನ್ನ ಜಾತಿ ಬಿಟ್ಟು ಮಾತಾಡೋಕೆ ನನ್ನಿಂದಾಗಲ್ಲ. ಶಾಲೆಯಲ್ಲಿ ಮೊಟ್ಟೆ ಕೊಡಬೇಡಿ ಅಂತ 2021ರಲ್ಲಿ ಕೆಲವು ಮಠಾಧೀಶರು ಎದ್ದು ನಿಂತಿದ್ದು ಮರೆತಿಲ್ಲ ತಾನೆ? ಅಕ್ಕಿ ಹೊಟ್ಟೆ ತುಂಬಿಸುತ್ತೆ. ಮೈ ಕಟ್ಟೋಕೆ ಮೊಟ್ಟೆ, ಬೇಳೆ, ಮೀನು, ಮಾಂಸ ಬೇಕು.

ಅಳೆಯೋದು ಹೇಗೆ? ಜಿಮ್ಮಿನ ಮೆಷಿನ್ ಮೈಯೊಳಗೆ ಸಣ್ಣ ಕರೆಂಟ್ ಹರಿಸಿ ಕೊಬ್ಬಿನ ಅಂದಾಜು ಹೇಳುತ್ತೆ. ಬಿಸಿಲಲ್ಲಿ ದುಡಿದು ಮೈಯಲ್ಲಿ ನೀರು ಇಳಿದಿದ್ರೆ ಆ ಲೆಕ್ಕ ತಪ್ಪುತ್ತೆ. ನಮಗೆ ದರ್ಜಿ ಟೇಪು ಸಾಕು. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಎಳ್ಕೊಳ್ಳದೆ ಸುತ್ತಳತೆ ತೆಗೀರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ರೆ ತಡಮಾಡದೆ ಶುಗರ್, ಬಿಪಿ ನೋಡಿಸಿ. ದಾಟದಿದ್ರೂ, ವಯಸ್ಸು 30 ಆಗಿದ್ರೆ ಒಮ್ಮೆ ನೋಡಿಸಿ.

30 ದಾಟಿದವರ ಸೊಂಟದ ಅಳತೆ ಬರೆಯೋ ಕಲಂ ಆಶಾ ಕಾರ್ಯಕರ್ತೆಯರ ಫಾರಂನಲ್ಲೇ ಇದೆ. ಅವರನ್ನ ಕರೀರಿ, ಕೂತು ಬರೆಸಿ. ಊರೊಳಗೆ ಬರೋ ಟೇಪು ಕೇರಿಗೂ ಬರಲಿ.