ಶುಲ್ಕ ಶೂನ್ಯ ಎಂದವರನ್ನು ದರ ಕೇಳಿ

ಮಕ್ಕಳನ್ನು ಜರ್ಮನಿಗೆ ಓದಲು ಕಳಿಸುವ ಕುಟುಂಬ ವಿಶ್ವವಿದ್ಯಾಲಯ ಆರಿಸುವಾಗ ತಿಂಗಳುಗಟ್ಟಲೆ ಯೋಚಿಸುತ್ತದೆ. ಯಾವ ಊರು, ಯಾವ ವಿಭಾಗ, ಮುಂದೆ ಕೆಲಸ ಸಿಗುತ್ತದೆಯೇ ಎಂದು ಹತ್ತು ಜನರನ್ನು ವಿಚಾರಿಸುತ್ತದೆ. ಅದೇ ಕುಟುಂಬ ಹನ್ನೆರಡು ಲಕ್ಷ ರೂಪಾಯಿಯನ್ನು ಯೂರೋಗೆ ಬದಲಾಯಿಸುವ ತೀರ್ಮಾನವನ್ನು ವೀಸಾ ಸಂದರ್ಶನಕ್ಕೆ ವಾರವಿರುವಾಗ, ಹತ್ತಿರದ ಶಾಖೆಯಲ್ಲಿ, ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಜರ್ಮನಿಯಲ್ಲಿ 2023-24ರ ಚಳಿಗಾಲದ ಅವಧಿಯಲ್ಲೇ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಅವರದೇ ಅತಿ ದೊಡ್ಡ ಗುಂಪು. ಇಡೀ ದೇಶದಿಂದ ವಿದೇಶ ವ್ಯಾಸಂಗಕ್ಕೆಂದು 2024-25ರಲ್ಲಿ ಉದಾರೀಕೃತ ರವಾನೆ ಯೋಜನೆಯಡಿ ಹೊರಗೆ ಹೋದ ಹಣ ಸುಮಾರು 290 ಕೋಟಿ ಡಾಲರ್. ಇಷ್ಟು ದೊಡ್ಡ ಮೊತ್ತದ ಮೇಲೆ ಬೀಳುವ ಖರ್ಚನ್ನು ನಮ್ಮ ಕುಟುಂಬಗಳು ತಪ್ಪು ಜಾಗದಲ್ಲಿ ಹುಡುಕುತ್ತಿವೆ ಎಂಬುದು ನನ್ನ ವಾದ. ಎಲ್ಲರೂ ವಿಚಾರಿಸುವುದು ಶುಲ್ಕವನ್ನು. ಹಣ ಸೋರುವುದು ವಿನಿಮಯ ದರದಲ್ಲಿ.

ಲೆಕ್ಕ ಹಾಕಿ ನೋಡೋಣ. ಜರ್ಮನಿಯ ವಿದ್ಯಾರ್ಥಿ ವೀಸಾ ಬೇಕೆಂದರೆ ಒಂದು ವರ್ಷದ ಜೀವನವೆಚ್ಚ ಕೈಯಲ್ಲಿದೆ ಎಂದು ತೋರಿಸಬೇಕು. ಹೆಚ್ಚಿನವರು ಹಿಡಿಯುವ ದಾರಿ ಬ್ಲಾಕ್ಡ್ ಅಕೌಂಟ್. ಈ ಖಾತೆಗೆ ಕಟ್ಟಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ 11,904 ಯೂರೋ, ಅಂದರೆ ತಿಂಗಳಿಗೆ 992. ಲೆಕ್ಕದ ಅನುಕೂಲಕ್ಕೆ ಯೂರೋಗೆ 100 ರೂಪಾಯಿ ಎಂದಿಟ್ಟುಕೊಂಡರೆ ಇದು 11.9 ಲಕ್ಷ. ಇದರ ಮೇಲೆ ಬ್ಯಾಂಕಿನ ರವಾನೆ ಶುಲ್ಕ ಸಾಮಾನ್ಯವಾಗಿ ಐನೂರರಿಂದ ಒಂದೂವರೆ ಸಾವಿರ ರೂಪಾಯಿ. ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿಯನ್ನು ಇಡೀ ಮೊತ್ತಕ್ಕೆ ಹಾಕುವುದಿಲ್ಲ. ನಿಯಮ ಗೊತ್ತುಮಾಡಿರುವ ಸಣ್ಣ ಮೌಲ್ಯವೊಂದರ ಮೇಲೆ ಶೇ. 18ರಂತೆ ಹಾಕುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 1,025 ರೂಪಾಯಿ. ಎರಡೂ ಸೇರಿದರೆ ಹೆಚ್ಚೆಂದರೆ ಸುಮಾರು ಎರಡೂವರೆ ಸಾವಿರ. ಇನ್ನು ದರಕ್ಕೆ ಬನ್ನಿ. ಬ್ಯಾಂಕುಗಳು ತಮ್ಮತಮ್ಮಲ್ಲಿ ಯೂರೋ ಕೊಳ್ಳುವ ದರ 100 ಇದ್ದು, ನಮಗೆ 102ಕ್ಕೆ ಮಾರಿದರೆ, ಆ ಎರಡು ರೂಪಾಯಿಯ ಅಂತರ 11,904 ಯೂರೋಗೆ 23,808 ರೂಪಾಯಿ ಆಗುತ್ತದೆ. ಕಾಣುವ ಖರ್ಚಿಗಿಂತ ಕಾಣದ ಖರ್ಚು ಒಂಬತ್ತು-ಹತ್ತು ಪಟ್ಟು ದೊಡ್ಡದು. ಚಿನ್ನ ಕೊಳ್ಳಲು ಹೋದ ನಮ್ಮ ಜನ ಬೆಳಿಗ್ಗೆ ಪತ್ರಿಕೆಯಲ್ಲಿ ದರ ನೋಡಿಕೊಂಡೇ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಮಜೂರಿ ಎಷ್ಟು, ವೇಸ್ಟೇಜ್ ಎಷ್ಟು ಎಂದು ಬೇರೆಬೇರೆಯಾಗಿ ಕೇಳಿ ಚೌಕಾಸಿ ಮಾಡುತ್ತಾರೆ. ಯೂರೋ ವ್ಯಾಪಾರದಲ್ಲಿ ಮಜೂರಿಯನ್ನು ದರದೊಳಗೇ ಬೆರೆಸಿ ಕೊಡುತ್ತಾರೆ, ನಾವು ತೆಪ್ಪಗೆ ಕೊಟ್ಟು ಬರುತ್ತೇವೆ. ಹಾಗಾಗಿ ‘ಶುಲ್ಕ ಶೂನ್ಯ’ ಎಂಬ ಜಾಹೀರಾತು ಸುಳ್ಳಾಗಬೇಕಿಲ್ಲ, ಅದರಿಂದ ಉಳಿತಾಯವೂ ಆಗಬೇಕಿಲ್ಲ. ವೀಸಾ ಸಿಗದೆ ಹಣ ವಾಪಸು ಬಂದರೆ ಈ ಅಂತರ ಎರಡನೇ ಸಲ ತಟ್ಟುತ್ತದೆ. ಬ್ಯಾಂಕ್ ನಮ್ಮಿಂದ ಯೂರೋ ಕೊಳ್ಳುವ ದರ ನಮಗೆ ಮಾರುವ ದರಕ್ಕಿಂತ ಯಾವಾಗಲೂ ಕಡಿಮೆ.

ಎಷ್ಟು ಅಂತರ ನ್ಯಾಯ ಎಂದು ತಿಳಿಯಲು ಅಳತೆಗೋಲು ಬೇಕು. ಅದು ಉಚಿತವಾಗಿಯೇ ಇದೆ. ಡಾಲರ್, ಯೂರೋ, ಪೌಂಡ್, ಯೆನ್‌ಗಳ ರೆಫರೆನ್ಸ್ ದರವನ್ನು ಎಫ್‌ಬಿಐಎಲ್ ಸಂಸ್ಥೆ ಪ್ರತಿ ಕೆಲಸದ ದಿನವೂ ಪ್ರಕಟಿಸುತ್ತದೆ. ಕಳಿಸುವ ದಿನ, ಒಂದೇ ಗಂಟೆಯ ಒಳಗೆ, ಎರಡು ಬ್ಯಾಂಕು ಮತ್ತು ಒಂದು ಅಧಿಕೃತ ವಿದೇಶಿ ವಿನಿಮಯ ಸಂಸ್ಥೆಯಿಂದ ದರ ಕೇಳಿ ಅದರ ಪಕ್ಕದಲ್ಲಿಟ್ಟು ನೋಡಿದರೆ ಸತ್ಯ ತಾನಾಗಿ ತಿಳಿಯುತ್ತದೆ. ಬೆಳಿಗ್ಗೆ ಒಬ್ಬರದು, ಮರುದಿನ ಇನ್ನೊಬ್ಬರದು ಎಂದು ಹೋಲಿಸಿದರೆ ಉಪಯೋಗವಿಲ್ಲ, ಅಷ್ಟರಲ್ಲಿ ಮಾರುಕಟ್ಟೆಯೇ ಬದಲಾಗಿರುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ನಲವತ್ತು ವರ್ಷ ವ್ಯವಹರಿಸಿದ ನಮ್ಮ ಬ್ಯಾಂಕ್ ಇದೆ, ಹತ್ತು-ಇಪ್ಪತ್ತು ಸಾವಿರಕ್ಕೆ ಆಸೆಪಟ್ಟು ಗುರುತಿಲ್ಲದವರ ಕೈಗೆ ಮಗುವಿನ ಭವಿಷ್ಯದ ಹಣ ಕೊಡುವುದೇ? ಈ ಭಯ ಸಣ್ಣದಲ್ಲ. ಜಮೀನು ಅಡವಿಟ್ಟು, ಒಡವೆ ಇಟ್ಟು ಹೊಂದಿಸಿದ ಹಣ ಅದು. ಆದರೆ ಇಲ್ಲಿ ಸುರಕ್ಷತೆ ಬರುವುದು ಪರಿಚಯದಿಂದಲ್ಲ, ರಿಸರ್ವ್ ಬ್ಯಾಂಕಿನ ಪರವಾನಗಿಯಿಂದ. ಪರವಾನಗಿ ಇಲ್ಲದವರ ಹತ್ತಿರ ಹೋಗಲೇಬಾರದು. ಇದ್ದವರ ನಡುವೆ ದರ ಹೋಲಿಸುವುದರಲ್ಲಿ ಅಪಾಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಳೆಯ ಬ್ಯಾಂಕನ್ನು ಬಿಡಬೇಕಾಗಿಯೂ ಇಲ್ಲ. ಶಾಖೆಯಲ್ಲಿ ಕೇಳಿದ ತಕ್ಷಣ ಹೇಳುವುದು ‘ಕಾರ್ಡ್ ರೇಟ್’, ಅಂದರೆ ಆ ದಿನಕ್ಕೆಂದು ಬೆಳಿಗ್ಗೆ ಮುದ್ರಿಸಿಟ್ಟ ದರ. ದೊಡ್ಡ ಮೊತ್ತವಿದ್ದಾಗ ಖಜಾನೆ ವಿಭಾಗದಿಂದ ಬೇರೆ ದರ ತರಿಸಲು ಶಾಖೆಗೆ ಅವಕಾಶವಿರುತ್ತದೆ. ಕೇಳದವರಿಗೆ ಅದು ಸಿಗುವುದಿಲ್ಲ. ನಲವತ್ತು ವರ್ಷದ ನಂಟಿಗೆ ಬೆಲೆ ಇದ್ದರೆ ಆ ದರದಲ್ಲಿ ಕಾಣಲಿ. ಸಣ್ಣ ಗ್ರಾಹಕರೂ ಮಾರುಕಟ್ಟೆಯ ದರಕ್ಕೆ ಹತ್ತಿರದಲ್ಲಿ ಡಾಲರ್ ಕೊಳ್ಳಲೆಂದೇ 2019ರ ಆಗಸ್ಟ್‌ನಲ್ಲಿ ಎಫ್‌ಎಕ್ಸ್-ರಿಟೇಲ್ ಎಂಬ ವೇದಿಕೆ ಶುರುವಾಯಿತು. ಅಮೆರಿಕಕ್ಕೆ ಹೋಗುವವರು ತಮ್ಮ ಬ್ಯಾಂಕ್ ಅದರಲ್ಲಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಎರಡನೆಯ ಆಕ್ಷೇಪ: ರೂಪಾಯಿ ಸುಧಾರಿಸಲಿ, ಆಮೇಲೆ ಕಳಿಸೋಣ. 2025ರ ಜನವರಿಯಲ್ಲಿ ಯೂರೋ 89 ರೂಪಾಯಿಯ ಆಸುಪಾಸಿನಲ್ಲಿತ್ತು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ 103ರ ಹತ್ತಿರ ಬಂತು. ಬ್ಲಾಕ್ಡ್ ಅಕೌಂಟಿನ ಮೊತ್ತಕ್ಕೆ ಇದರಿಂದ ಬಿದ್ದ ಹೊರೆ ಒಂದು ಲಕ್ಷ ಅರವತ್ತಾರು ಸಾವಿರ ರೂಪಾಯಿ. ಕಾದು ಕೂತವರು ಸೋತರು. ಇನ್ನೊಂದು ವರ್ಷ ಗೆಲ್ಲಲೂಬಹುದು. ಮಾರುಕಟ್ಟೆ ಯಾವ ಕಡೆ ಹೋಗುತ್ತದೆ ಎಂದು ಊಹಿಸುವುದು ಮನೆಯವರ ಕೆಲಸವಲ್ಲ. ಅವರ ಕೈಯಲ್ಲಿರುವುದು ಸಮಯ. ಪ್ರವೇಶಪತ್ರ ಬಂದ ದಿನದಿಂದಲೇ ಕಾಗದಪತ್ರ ಸಿದ್ಧಮಾಡಿಕೊಂಡರೆ ಮೊತ್ತವನ್ನು ಎರಡು-ಮೂರು ಕಂತಿನಲ್ಲಿ ಕಳಿಸಿ ಏರಿಳಿತವನ್ನು ಹಂಚಿಕೊಳ್ಳಬಹುದು. ಕೊನೆಯ ವಾರ ಹೋದವರು ಹೇಳಿದ ದರಕ್ಕೆ ಒಪ್ಪಲೇಬೇಕು. ಚಿಕ್ಕ ಊರುಗಳಲ್ಲಿ ಇದು ಇನ್ನೂ ಕಷ್ಟ. ಎಲ್ಲ ಶಾಖೆಗಳೂ ವಿದೇಶಿ ವಿನಿಮಯದ ಕೆಲಸ ಮಾಡುವುದಿಲ್ಲ. ಅರ್ಜಿ ದೊಡ್ಡ ಶಾಖೆಗೆ ಹೋಗಿ ಬರಬೇಕು, ಒಂದು ಸಹಿ ತಪ್ಪಿದರೆ ಮತ್ತೆ ಮೂರು ದಿನ ಕಳೆಯುತ್ತದೆ.

ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಅರ್ಜಿಯಲ್ಲಿ ತುಂಬುವ ಒಂದು ಅಂಕಣದ ಬಗ್ಗೆ ಹೆಚ್ಚು ಹೇಳಲೇಬೇಕು, ಯಾಕೆಂದರೆ ಇಲ್ಲಿನ ತಪ್ಪು ದರದ ಅಂತರಕ್ಕಿಂತ ದುಬಾರಿಯಾದೀತು. ಹಣ ಯಾವ ಉದ್ದೇಶಕ್ಕೆ ಎಂಬ ಅಂಕಣ ಅದು. ವಿದೇಶ ವ್ಯಾಸಂಗದ ಸಂಕೇತ ಎಸ್0305. ವರ್ಷಕ್ಕೆ ಒಬ್ಬರ ಪ್ಯಾನ್ ಮೇಲೆ ಹತ್ತು ಲಕ್ಷ ರೂಪಾಯಿವರೆಗೆ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕ್ ವಸೂಲು ಮಾಡುವ ತೆರಿಗೆ, ಇಲ್ಲ. 2025ರ ಏಪ್ರಿಲ್‌ವರೆಗೆ ಈ ಮಿತಿ ಏಳು ಲಕ್ಷವಿತ್ತು. ಮಿತಿಗೆ ಮೇಲ್ಪಟ್ಟ ಮೊತ್ತಕ್ಕೆ ವ್ಯಾಸಂಗದ ಉದ್ದೇಶವಾದರೆ ಶೇ. 5 ಇತ್ತು, 2026ರ ಬಜೆಟ್ ಅದನ್ನು ಶೇ. 2ಕ್ಕೆ ಇಳಿಸಿತು. ಆದರೆ ಅದೇ ಹಣವನ್ನು ‘ಸಂಬಂಧಿಕರ ನಿರ್ವಹಣೆ’ ಎಂದು ಬರೆದರೆ ದರ ಶೇ. 20. ಮಗಳ ಊಟ-ಬಾಡಿಗೆಗೆ ತಾನೇ ಕಳಿಸುವುದು ಎಂದು ಪ್ರಾಮಾಣಿಕವಾಗಿಯೇ ಹಾಗೆ ಬರೆಯುವವರಿದ್ದಾರೆ. ಅಗತ್ಯವಿಲ್ಲ. ಓದುವ ವಿದ್ಯಾರ್ಥಿಯ ದಿನನಿತ್ಯದ ಖರ್ಚು, ಪ್ರಯಾಣದ ಟಿಕೆಟ್ ಎಲ್ಲವೂ ವ್ಯಾಸಂಗದ ಉದ್ದೇಶದಲ್ಲೇ ಸೇರುತ್ತದೆ ಎಂದು ನೇರ ತೆರಿಗೆ ಮಂಡಳಿಯ 2023ರ ಜೂನ್ 30ರ ಸುತ್ತೋಲೆ ಸ್ಪಷ್ಟವಾಗಿ ಹೇಳಿದೆ. ಟಿಸಿಎಸ್ ಕಳೆದುಹೋಗುವ ಹಣವಲ್ಲ, ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಹೆಚ್ಚಿದ್ದರೆ ವಾಪಸು ಬರುತ್ತದೆ ಎನ್ನುವುದು ನಿಜ. ಆದರೂ ಸಾಲ ಮಾಡಿದವರ ನಲವತ್ತು ಸಾವಿರ ರೂಪಾಯಿ ತಿಂಗಳುಗಟ್ಟಲೆ ಸರ್ಕಾರದ ಬಳಿ ಕೂತರೆ ಅದರ ಬಡ್ಡಿ ಕಟ್ಟುವವರು ಮನೆಯವರೇ. ತಂದೆ-ತಾಯಿ ಇಬ್ಬರಿಗೂ ಸ್ವಂತ ಹಣವಿದ್ದು ಇಬ್ಬರೂ ಕಳಿಸಿದರೆ ಮಿತಿ ತಲಾ ಹತ್ತು ಲಕ್ಷ. ಮಾನ್ಯತೆ ಪಡೆದ ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲವೇ ಇಲ್ಲ.

ಇನ್ನು ಅಲ್ಲಿನ ಖಾತೆ. ಬ್ಲಾಕ್ಡ್ ಅಕೌಂಟ್ ತೆರೆದ ಮೇಲೆ ಬ್ಯಾಂಕಿನ ಕೆಲಸ ಮುಗಿಯಿತು ಎಂದುಕೊಳ್ಳುವುದು ಸಾಮಾನ್ಯ. ಅದು ಹಣವನ್ನು ತಡೆದಿಡುವ ಖಾತೆ, ಬಳಸುವ ಖಾತೆಯಲ್ಲ. ಅದರಿಂದ ತಿಂಗಳ 992 ಯೂರೋ ಬರಬೇಕೆಂದರೆ ವಿದ್ಯಾರ್ಥಿಯ ಹೆಸರಿನಲ್ಲಿ ದಿನಬಳಕೆಯ ಖಾತೆ ಬೇರೆ ಇರಬೇಕು; ಅದನ್ನು ಅಲ್ಲಿ ಗಿರೋಕಾಂಟೊ ಎನ್ನುತ್ತಾರೆ. ಬಾಡಿಗೆ, ಆರೋಗ್ಯ ವಿಮೆ, ಫೋನು ಎಲ್ಲವೂ ಈ ಖಾತೆಯಿಂದ ನೇರ ಕಡಿತದ ಮೂಲಕ ಹೋಗುತ್ತವೆ. ಖಾತೆಯಲ್ಲಿ ಹಣವಿಲ್ಲದೆ ಕಡಿತ ಮರಳಿದರೆ ಶುಲ್ಕ ಬೀಳುತ್ತದೆ, ಬಾಕಿ ಬೆಳೆದರೆ ಅಲ್ಲಿನ ಸಾಲಚರಿತ್ರೆ ಸಂಸ್ಥೆ ಶೂಫಾದ ದಾಖಲೆಗೂ ಹೋಗಬಹುದು. ಮುಂದೆ ಮನೆ ಬಾಡಿಗೆಗೆ ಕೇಳುವಾಗ ಮಾಲೀಕರು ನೋಡುವ ಕಾಗದ ಅದೇ. ಆ್ಯಪ್‌ನಲ್ಲಿ ನಿಮಿಷದಲ್ಲಿ ತೆರೆಯುವ ಬ್ಯಾಂಕೋ, ಪಕ್ಕದ ಬೀದಿಯ ಷ್ಪಾರ್ಕಾಸೆ ಎಂಬ ಸ್ಥಳೀಯ ಉಳಿತಾಯ ಬ್ಯಾಂಕೋ ಎಂಬ ಚರ್ಚೆ ವಿದ್ಯಾರ್ಥಿಗಳಲ್ಲಿ ಮುಗಿಯುವುದೇ ಇಲ್ಲ. ನನ್ನ ಮಟ್ಟಿಗೆ ಮೊದಲ ವರ್ಷಕ್ಕೆ ಎರಡೇ ಪ್ರಶ್ನೆ ಸಾಕು: ಭಾರತದ ಪಾಸ್‌ಪೋರ್ಟನ್ನು ಗುರುತಿಗೆ ಒಪ್ಪುತ್ತಾರೆಯೇ, ವಿದ್ಯಾರ್ಥಿಗೆ ತಿಂಗಳ ಶುಲ್ಕವಿಲ್ಲದೆ ಖಾತೆ ಕೊಡುತ್ತಾರೆಯೇ. ಎರಡೂ ಕಡೆ ಠೇವಣಿಗೆ ಒಂದು ಲಕ್ಷ ಯೂರೋವರೆಗೆ ಕಾನೂನಿನ ಖಾತರಿ ಇದೆ. ಯಾರೂ ಖಾತೆ ಕೊಡದಿದ್ದರೆ ಹೆದರಬೇಕಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ವಾಸಿಸುವ ಪ್ರತಿಯೊಬ್ಬರಿಗೂ ಮೂಲ ಖಾತೆ ಪಡೆಯುವ ಹಕ್ಕಿದೆ, ಜರ್ಮನಿಯಲ್ಲಿ 2016ರಿಂದ ಅದು ಜಾರಿಯಲ್ಲಿದೆ.

ಈ ಎಲ್ಲ ತಲೆನೋವು ಯಾಕೆ, ಅಲ್ಲೇ ಇರುವ ನಮ್ಮವರೊಬ್ಬರು ಯೂರೋ ಕೊಡುತ್ತಾರೆ, ಇಲ್ಲಿ ಅವರ ಮನೆಗೆ ರೂಪಾಯಿ ಕೊಟ್ಟರಾಯಿತು ಎನ್ನುವವರೂ ಇದ್ದಾರೆ. ದರ ಚೆನ್ನಾಗಿ ಸಿಗುತ್ತದೆ, ನಂಬಿಕೆಯ ಜನ. ಆದರೆ ಅಧಿಕೃತ ಸಂಸ್ಥೆಯನ್ನು ಬಿಟ್ಟು ಹೀಗೆ ಅಲ್ಲೊಂದು ಇಲ್ಲೊಂದು ಕೊಟ್ಟು ಸರಿದೂಗಿಸುವುದು ವಿದೇಶಿ ವಿನಿಮಯ ನಿರ್ವಹಣೆಯ ಫೆಮಾ ಕಾಯ್ದೆಗೆ ವಿರುದ್ಧ. ಅಲ್ಲಿ ವಿದ್ಯಾರ್ಥಿಗೆ ಅಪಾಯ ಇನ್ನೂ ಹತ್ತಿರದ್ದು. ಗುರುತಿಲ್ಲದವರ ಹಣ ಖಾತೆಗೆ ಬಂದರೆ ಬ್ಯಾಂಕ್ ಪ್ರಶ್ನೆ ಕೇಳುತ್ತದೆ, ಖಾತೆ ಮುಚ್ಚುತ್ತದೆ. ಕಮಿಷನ್ ಆಸೆಗೆ ಖಾತೆಯನ್ನು ಬೇರೆಯವರ ಬಳಕೆಗೆ ಬಿಟ್ಟವರ ಮೇಲೆ ಹಣ ಅಕ್ರಮ ವರ್ಗಾವಣೆಯ ಪ್ರಕರಣ ಬೀಳಬಹುದು. ವೀಸಾ ನವೀಕರಣಕ್ಕೆ ಹೋಗುವ ಇಪ್ಪತ್ತೆರಡರ ಹುಡುಗನಿಗೆ ಇದು ಉಳಿಸಿದ ಮೂರ್ನಾಲ್ಕು ಸಾವಿರಕ್ಕೆ ಸಾಟಿಯಾಗುವ ಕಷ್ಟವಲ್ಲ. ಇಲ್ಲಿ ಬಿಟ್ಟುಹೋದ ಉಳಿತಾಯ ಖಾತೆಯ ವಿಷಯವನ್ನೂ ಮರೆಯುವಂತಿಲ್ಲ. ಓದಲು ಹೊರಗೆ ಹೋದವರನ್ನು ಫೆಮಾ ಅನಿವಾಸಿ ಎಂದೇ ಪರಿಗಣಿಸುತ್ತದೆ. ರಿಸರ್ವ್ ಬ್ಯಾಂಕ್ ಇದನ್ನು 2003ರಲ್ಲೇ ತಿಳಿಸಿದೆ. ಹಳೆಯ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸಬೇಕು. ಒಟಿಪಿ ಬರುವ ಸಿಮ್ಮನ್ನು ಚಾಲ್ತಿಯಲ್ಲಿಡುವುದು ಅದಕ್ಕೆ ಸೇರಿದ ಕೆಲಸ.

ಬ್ಯಾಂಕುಗಳ ಪರವಾಗಿಯೂ ಒಂದು ಮಾತಿದೆ. ವಿನಿಮಯ ಸೇವೆಗೆ ಸಿಬ್ಬಂದಿ ಬೇಕು, ದಾಖಲೆ ಪರಿಶೀಲನೆ ಬೇಕು, ದರ ಕುಸಿಯುವ ಅಪಾಯವನ್ನು ಅವರೂ ಹೊರುತ್ತಾರೆ. ಲಾಭವಿಲ್ಲದೆ ಮಾಡಿ ಎನ್ನುವುದು ಅನ್ಯಾಯ. ಒಪ್ಪುತ್ತೇನೆ. ಲಾಭ ತೆಗೆದುಕೊಳ್ಳಲಿ, ಆದರೆ ಎಷ್ಟು ಎಂದು ಹೇಳಿ ತೆಗೆದುಕೊಳ್ಳಲಿ. ಅಮೆರಿಕದಲ್ಲಿ 2013ರಿಂದ ವಿದೇಶಕ್ಕೆ ಹಣ ಕಳಿಸುವ ಗ್ರಾಹಕನಿಗೆ ದರ, ಶುಲ್ಕ ಮತ್ತು ಆ ಕಡೆ ಕೈಗೆ ಸಿಗುವ ಮೊತ್ತವನ್ನು ಮೊದಲೇ ತಿಳಿಸಬೇಕೆಂಬ ನಿಯಮವಿದೆ. ಯುರೋಪಿನಲ್ಲಿ 2020ರಿಂದ ಕಾರ್ಡ್ ವ್ಯವಹಾರದ ಕರೆನ್ಸಿ ಬದಲಾವಣೆಯಲ್ಲಿ, ಕೇಂದ್ರೀಯ ಬ್ಯಾಂಕಿನ ದರಕ್ಕಿಂತ ಎಷ್ಟು ಪ್ರತಿಶತ ಹೆಚ್ಚು ಹಾಕಿದ್ದೇವೆ ಎಂದು ತೋರಿಸಬೇಕು. ಇದರಿಂದ ಅಲ್ಲಿನ ಬ್ಯಾಂಕುಗಳು ಬಾಗಿಲು ಮುಚ್ಚಲಿಲ್ಲ. ಕರ್ನಾಟಕದ ಪ್ರತಿ ಶಾಖೆಯೂ ರೆಫರೆನ್ಸ್ ದರ ಎಷ್ಟು, ನಮ್ಮ ದರ ಎಷ್ಟು, ಈ ಅಂತರದಿಂದ ನಿಮಗೆ ಬೀಳುವ ಖರ್ಚು ಎಷ್ಟು ರೂಪಾಯಿ ಎಂಬ ಮೂರು ಸಾಲನ್ನು ಕನ್ನಡದಲ್ಲಿ, ಸಹಿ ಹಾಕಿಸುವ ಮುಂಚೆ, ಕಾಗದದ ಮೇಲೆ ಕೊಡಬೇಕು.

ಅಲ್ಲಿಯವರೆಗೆ ಆ ಮೂರು ಸಾಲನ್ನು ಕೇಳಿ ಪಡೆಯುವ ಕೆಲಸ ಕುಟುಂಬದ್ದೇ. ಎ2 ಅರ್ಜಿಗೆ ಸಹಿ ಹಾಕುವ ಮುಂಚೆ, ಮಧ್ಯವರ್ತಿ ಬ್ಯಾಂಕುಗಳ ಶುಲ್ಕವೂ ಕಳೆದು ಆ ಕಡೆಯ ಖಾತೆಗೆ ಎಷ್ಟು ಯೂರೋ ಜಮಾ ಆಗುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಬ್ಲಾಕ್ಡ್ ಅಕೌಂಟಿಗೆ 11,904ರ ಬದಲು 11,885 ಜಮಾ ಆದರೆ ಉಳಿದ 19 ಯೂರೋ ಕಳಿಸಲು ಮತ್ತೊಮ್ಮೆ ರವಾನೆ ಶುಲ್ಕ ಕಟ್ಟಬೇಕಾಗುತ್ತದೆ.