ಖಾಸಗಿ ಉದ್ಯಮಕ್ಕೆ ಸರ್ಕಾರದ ದುಡ್ಡು: ಸೌರವಿದ್ಯುತ್ ಹೇಳುವ ಪಾಠ

ರಾಷ್ಟ್ರೀಯ ಸೌರ ಮಿಷನ್ ಶುರುವಾದ 2010ರಲ್ಲಿ ನಡೆದ ಮೊದಲ ಸುತ್ತಿನ ಬಿಡ್ಡಿಂಗ್‌ನಲ್ಲಿ ಸೌರವಿದ್ಯುತ್ತಿನ ದರ ಯೂನಿಟ್ಟಿಗೆ ಸುಮಾರು 12 ರೂಪಾಯಿ ಇತ್ತು. ಹತ್ತು ವರ್ಷದ ಬಳಿಕ, 2020ರ ಡಿಸೆಂಬರಿನಲ್ಲಿ, ಗುಜರಾತಿನ ಬಿಡ್ಡಿಂಗ್‌ನಲ್ಲಿ ಅದು 1 ರೂಪಾಯಿ 99 ಪೈಸೆಗೆ ಇಳಿಯಿತು. ಕಂಪನಿಗಳು ಪೈಪೋಟಿಗೆ ಬಿದ್ದದ್ದರಿಂದ ದರ ಕುಸಿಯಿತು ಎಂಬ ವಿವರಣೆ ಸುಳ್ಳಲ್ಲ. ಆದರೆ ಪೈಪೋಟಿಗೆ ಬಿದ್ದವರ ಕೈಯಲ್ಲಿದ್ದ ಸೋಲಾರ್ ಪ್ಯಾನೆಲ್ ಅಷ್ಟು ಅಗ್ಗವಾದದ್ದು ಹೇಗೆ? ಜಗತ್ತಿನ ಮಾರುಕಟ್ಟೆಯಲ್ಲಿ 1980ರಿಂದ 2012ರೊಳಗೆ ಪ್ಯಾನೆಲ್ಲಿನ ಬೆಲೆ ಶೇ. 97ರಷ್ಟು ಇಳಿದಿತ್ತು. ಈ ಇಳಿಕೆಯ ಹಿಂದೆ ಹಲವು ದೇಶಗಳ ಬೊಕ್ಕಸದ ಹಣವಿದೆ. ಖಾಸಗಿ ಉದ್ಯಮದ ಪಾಲುದಾರಿಕೆಗೆ ತೆರಿಗೆದಾರನ ಹಣ ಸುರಿಯುವುದು ಸರಿಯೇ ಎಂಬ ಹಳೆಯ ಜಗಳವನ್ನು ಈ ಉದಾಹರಣೆಯ ಮೇಲೆ ಒರೆಹಚ್ಚಿ ನೋಡಬಹುದು.

ತೈಲ ಬಿಕ್ಕಟ್ಟಿನ ಬಿಸಿ ಆರುವ ಮುನ್ನ, 1975ರಲ್ಲಿ, ಅಮೆರಿಕ ಸರ್ಕಾರ ಅಗ್ಗದ ಸೌರಫಲಕ ತಯಾರಿಸುವ ಯೋಜನೆಯೊಂದನ್ನು ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಗೆ ವಹಿಸಿತು. ಅದು ಸುಮಾರು ಹತ್ತು ವರ್ಷ ನಡೆಯಿತು. ಪ್ರಯೋಗಾಲಯ ತಾನೇ ಕಾರ್ಖಾನೆ ಕಟ್ಟಲಿಲ್ಲ, ಯಾವುದೇ ಒಂದು ಕಂಪನಿಯನ್ನು ಮಡಿಲಿಗೆ ಹಾಕಿಕೊಳ್ಳಲೂ ಇಲ್ಲ. ಹಲವು ಕಂಪನಿಗಳಿಂದ ಐದು ಸುತ್ತುಗಳಲ್ಲಿ ಪ್ಯಾನೆಲ್ ಕೊಂಡಿತು. ಸುತ್ತಿನಿಂದ ಸುತ್ತಿಗೆ ಗುಣಮಟ್ಟದ ಷರತ್ತು ಬಿಗಿಯಾಯಿತು. ಕೊಂಡ ಪ್ಯಾನೆಲ್ಲನ್ನು ಬಿಸಿ, ಚಳಿ, ತೇವ, ಆಲಿಕಲ್ಲಿನ ಪೆಟ್ಟಿಗೆ ಒಡ್ಡಿ, ಎಲ್ಲಿ ಬಿರುಕು ಬಿಡುತ್ತದೆ, ಎಲ್ಲಿ ನೀರು ಒಸರುತ್ತದೆ ಎಂದು ಪತ್ತೆಮಾಡಿ ವರದಿ ಪ್ರಕಟಿಸಿತು. ಇವತ್ತು ಜಗತ್ತಿನ ಪ್ಯಾನೆಲ್‌ಗಳು ದಾಟಬೇಕಾದ ಅಂತರರಾಷ್ಟ್ರೀಯ ಪರೀಕ್ಷೆಗಳ ಬೇರು ಅಲ್ಲಿದೆ. ಗಾಜಿಗೂ ಕೋಶಕ್ಕೂ ನಡುವೆ ಇಂದಿಗೂ ಬಹುವಾಗಿ ಬಳಕೆಯಲ್ಲಿರುವ ಇವಿಎ ಎಂಬ ಪಾರದರ್ಶಕ ಹಾಳೆ ಸೌರಫಲಕಕ್ಕೆ ಒಗ್ಗಿದ್ದೂ ಆ ಯೋಜನೆಯ ಗುತ್ತಿಗೆಯಲ್ಲೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ರಾಗಿ ತಳಿಗಳು ಯಾರ ಹೊಲದಲ್ಲಾದರೂ ಬೆಳೆದಂತೆ, ಈ ತಿಳಿವಳಿಕೆಯೂ ಬೇಕಾದವರ ಕಾರ್ಖಾನೆಗೆ ಹೋಯಿತು.

ಮೂರು ದಶಕದ ನಂತರದ ಪ್ರಯತ್ನ ಬೇರೆ ಬಗೆಯದು. ಸೋಲಾರ್ ಅಮೆರಿಕ ಎಂಬ ಕಾರ್ಯಕ್ರಮದಡಿ 2007ರಲ್ಲಿ ಅಮೆರಿಕದ ಇಂಧನ ಇಲಾಖೆ, ಉದ್ಯಮಗಳೇ ಮುಂದಾಳಾಗಿದ್ದ 13 ತಂಡಗಳಿಗೆ 16.8 ಕೋಟಿ ಡಾಲರ್‌ವರೆಗೆ ನೀಡುವುದಾಗಿ ಘೋಷಿಸಿತು. ಕಂಪನಿಗಳೂ ತಮ್ಮ ಪಾಲು ಹಾಕಬೇಕಿತ್ತು. ಆಯ್ಕೆಯಾದವರಲ್ಲಿ ಕೊನಾರ್ಕ, ನ್ಯಾನೊಸೋಲಾರ್, ಯುನೈಟೆಡ್ ಸೋಲಾರ್ ಓವೊನಿಕ್ ಇದ್ದವು. ಆರೇಳು ವರ್ಷಗಳಲ್ಲಿ ಈ ಮೂರೂ ಬಾಗಿಲು ಹಾಕಿದವು. ಹೊಸ ತಂತ್ರಜ್ಞಾನಕ್ಕೆ ಕೈಹಾಕುವವರು ಸೋಲುವುದು ಅಪರಾಧವಲ್ಲ. ಸೋತಾಗ ಏನು ಉಳಿಯುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಫಲಿತಾಂಶ ಪ್ರಕಟವಾಗಿದ್ದರೆ ಸೋಲೂ ಮುಂದಿನವರಿಗೆ ದಾರಿ ತೋರುತ್ತದೆ. ಕಂಪನಿಯ ಗುಟ್ಟಾಗಿಯೇ ಉಳಿದದ್ದು ಕಂಪನಿಯ ಜೊತೆಗೇ ಮಣ್ಣಾಗುತ್ತದೆ.

ಸರ್ಕಾರಿ ನೆರವನ್ನು ವಿರೋಧಿಸುವವರ ಬಾಯಲ್ಲಿ ಮೊದಲು ಬರುವ ಹೆಸರು ಅಮೆರಿಕದ ಸೌರಫಲಕ ಕಂಪನಿ ಸೊಲಿಂಡ್ರ. ಆ ಕಂಪನಿಯ 53.5 ಕೋಟಿ ಡಾಲರ್ ಸಾಲಕ್ಕೆ ಸರ್ಕಾರ ಖಾತರಿ ನಿಂತಿತ್ತು. 2011ರಲ್ಲಿ ಕಂಪನಿ ದಿವಾಳಿಯಾಯಿತು. ಸಿಲಿಕಾನ್ ದುಬಾರಿಯಾಗಿಯೇ ಉಳಿಯುತ್ತದೆಂಬ ಲೆಕ್ಕದಲ್ಲಿ ಅದು ಸಿಲಿಕಾನ್ ಬೇಡದ ಕೊಳವೆಯಾಕಾರದ ಫಲಕ ಮಾಡಿತ್ತು. ಸಿಲಿಕಾನ್ ಬೆಲೆ ಬಿದ್ದೊಡನೆ ಲೆಕ್ಕವೂ ಬಿತ್ತು. ಆದರೆ ಇದರಿಂದ ಹೊರಡುವ ತೀರ್ಮಾನ ಸೀಮಿತವಾದದ್ದು: ಒಂದೇ ಕಂಪನಿಯ ಒಂದೇ ದಾರಿಯ ಮೇಲೆ ಬೊಕ್ಕಸದ ದೊಡ್ಡ ಮೊತ್ತ ಇಡಬಾರದು. ಸರ್ಕಾರ ಕೈಕಟ್ಟಿ ಕೂರಬೇಕೆಂಬ ವಾದಕ್ಕೆ ಇದು ಸಾಲದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಒಬ್ಬರು ಖರ್ಚು ಮಾಡಿ ಕಲಿತದ್ದರ ಲಾಭ ಇನ್ನೊಬ್ಬರಿಗೆ ಹೋದರೆ? ಹೋದದ್ದು ನಿಜ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ 1980ರ ದಶಕದಲ್ಲಿ ಪರ್ಕ್ ಎಂಬ ಸೌರಕೋಶವನ್ನು ರೂಪಿಸಿತು. ಅವರ ಶಿಷ್ಯ ಷಿ ಝೆಂಗ್ರಾಂಗ್ 2001ರಲ್ಲಿ ಚೀನಾದ ವೂಷಿಯಲ್ಲಿ ಸನ್‌ಟೆಕ್ ಎಂಬ ಪ್ಯಾನೆಲ್ ಕಂಪನಿ ಕಟ್ಟಿದರು. ಜರ್ಮನಿ 2000ದ ಕಾನೂನಿನ ಮೂಲಕ ಸೌರವಿದ್ಯುತ್ತಿಗೆ ಖಚಿತ ದರ ಕೊಟ್ಟು ಗಿರಾಕಿಯನ್ನು ಸೃಷ್ಟಿಸಿತು. ಚೀನಾ ಯಾರೂ ಊಹಿಸದ ಪ್ರಮಾಣದಲ್ಲಿ ಉತ್ಪಾದಿಸಿತು. 2020ರೊಳಗೆ ದೊಡ್ಡ ಸ್ಥಾವರಗಳ ಸೌರವಿದ್ಯುತ್ತನ್ನು ಯೂನಿಟ್ಟಿಗೆ 6 ಸೆಂಟ್‌ಗೆ ಇಳಿಸುತ್ತೇವೆಂದು ಅಮೆರಿಕ 2011ರ ಸನ್‌ಶಾಟ್ ಕಾರ್ಯಕ್ರಮದಲ್ಲಿ ಇಟ್ಟ ಗುರಿ 2017ರಲ್ಲೇ ಕೈಗೂಡಿತು. ಅದರಲ್ಲಿ ಚೀನಾದ ಅಗ್ಗದ ಪ್ಯಾನೆಲ್ಲಿನ ಪಾಲು ದೊಡ್ಡದು. ಅಮೆರಿಕದ ಹಲವು ಕಾರ್ಖಾನೆಗಳನ್ನು ಮುಚ್ಚಿಸಿದ್ದೂ ಅದೇ ಪ್ಯಾನೆಲ್.

ಅಂದರೆ ಇಲ್ಲಿ ಎರಡು ಗುರಿಗಳಿವೆ. ಕರೆಂಟು ಅಗ್ಗವಾಗಬೇಕು ಎಂಬುದು ಒಂದು; ಕಾರ್ಖಾನೆ ನಮ್ಮಲ್ಲೇ ಇರಬೇಕು ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಗುರಿಗಳೇ, ಆದರೆ ಒಂದಕ್ಕೆ ಕೊಟ್ಟ ಹಣ ಇನ್ನೊಂದನ್ನು ತಾನಾಗಿ ಸಾಧಿಸುವುದಿಲ್ಲ. ಎಷ್ಟೋ ಸಲ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ.

ಭಾರತದ ನೀತಿಯಲ್ಲಿ ಈ ಗೋಜಲು ಎದ್ದು ಕಾಣುತ್ತದೆ. ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯಡಿ ಪ್ಯಾನೆಲ್ ತಯಾರಿಕೆಗೆ ಕೇಂದ್ರ ಎರಡು ಕಂತುಗಳಲ್ಲಿ 24,000 ಕೋಟಿ ರೂಪಾಯಿ ಮೀಸಲಿಟ್ಟಿತು. ಆಮದು ಪ್ಯಾನೆಲ್ ಮೇಲೆ ಶೇ. 40, ಕೋಶಗಳ ಮೇಲೆ ಶೇ. 25 ಸುಂಕ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಚೀನಾದ ಮೇಲಿನ ಅವಲಂಬನೆ ತಗ್ಗಿಸಲು ಇವು ಬೇಕಿರಬಹುದು. ಆದರೆ ಸುಂಕದ ಭಾರ ಕೊನೆಗೆ ವಿದ್ಯುತ್ ಬಿಲ್ಲಿಗೇ ಬರುತ್ತದೆ. ಅದನ್ನು ಒಪ್ಪಿಕೊಂಡು, ಸ್ವಾವಲಂಬನೆಗೆ ಇಷ್ಟು ಬೆಲೆ ಕೊಡುತ್ತಿದ್ದೇವೆ ಎಂದು ಹೇಳುವುದು ಪ್ರಾಮಾಣಿಕತೆ. ಅದನ್ನೇ ಕರೆಂಟು ಅಗ್ಗಮಾಡುವ ಯೋಜನೆ ಎಂದು ಬಿಂಬಿಸುವುದು ಕಣ್ಣಿಗೆ ಮಣ್ಣೆರಚಿದಂತೆ.

ವೆಚ್ಚ ಇಳಿಸುವ ಪಾಲುದಾರಿಕೆಯ ಒಳ್ಳೆಯ ಮಾದರಿಯೊಂದು ನಮ್ಮ ಪಾವಗಡದ ಸೋಲಾರ್ ಪಾರ್ಕಿನಲ್ಲೇ ಇದೆ. ಸುಮಾರು 13,000 ಎಕರೆ, 2,050 ಮೆಗಾವಾಟ್. ಸರ್ಕಾರ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು, ರಸ್ತೆ, ವಿದ್ಯುತ್ ಸಾಗಣೆಯ ವ್ಯವಸ್ಥೆ ಸಿದ್ಧಮಾಡಿಕೊಟ್ಟಿತು. ಸೋಲಾರ್ ಪಾರ್ಕುಗಳಿಗೆ ಕೇಂದ್ರದ ಅನುದಾನವೂ ಇತ್ತು. ಜಮೀನಿನ ತಕರಾರು, ಲೈನಿಗಾಗಿ ಕಾಯುವ ಗೋಳು ತಪ್ಪಿದಾಗ ಕಂಪನಿಯ ಅಪಾಯ ತಗ್ಗುತ್ತದೆ, ಸಾಲದ ಬಡ್ಡಿ ತಗ್ಗುತ್ತದೆ, ಕೊನೆಗೆ ದರವೂ. ಈ ಅನುಕೂಲ ಬಿಡ್ಡಿಗೆ ಬಂದ ಎಲ್ಲರಿಗೂ ಸಮಾನವಾಗಿತ್ತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆ ಹಣ ಜಮೀನುಳ್ಳವರಿಗೆ ತಲುಪಿತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಅದರಲ್ಲಿ ಪಾಲಿರಲಿಲ್ಲ. ಸಾರ್ವಜನಿಕ ಹಣದ ಯೋಜನೆ ಎಂದಮೇಲೆ ಈ ಲೋಪವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಸಂಶೋಧನೆಯಲ್ಲೂ ನಮಗೆ ಮಾದರಿ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಮುಂದಾಳತ್ವದಲ್ಲಿ, ಎರಡೂ ಸರ್ಕಾರಗಳ ಅನುದಾನದಿಂದ, ಉದ್ಯಮಗಳನ್ನೂ ಸೇರಿಸಿಕೊಂಡು 2012ರಲ್ಲಿ ಸೆರಿಯಸ್ ಎಂಬ ಸೌರಶಕ್ತಿ ಸಂಶೋಧನಾ ಕೂಟ ಶುರುವಾಯಿತು. ಇಂಥ ಕೂಟಗಳು ಐದು ವರ್ಷದ ಅವಧಿಗೆ ಮುಗಿಯದೆ, ಕಾರ್ಖಾನೆಗಳೆಲ್ಲ ಬಳಸಬಹುದಾದ ಪ್ರಾಯೋಗಿಕ ಉತ್ಪಾದನಾ ಘಟಕಗಳಾಗಿ ಬೆಳೆಯಬೇಕು. ನಮ್ಮ ಧೂಳು, ನಮ್ಮ ಉರಿಬಿಸಿಲಿನಲ್ಲಿ ಪ್ಯಾನೆಲ್ ಇಪ್ಪತ್ತೈದು ವರ್ಷ ಹೇಗೆ ಬಾಳುತ್ತದೆ ಎಂಬುದನ್ನು ಇನ್ನೊಂದು ದೇಶ ನಮಗಾಗಿ ಪರೀಕ್ಷಿಸಿ ಕೊಡುವುದಿಲ್ಲ.

ಹಾಗಾಗಿ ಉದ್ಯಮಕ್ಕೆ ಸರ್ಕಾರ ಹಣ ಕೊಡಲಿ. ಆದರೆ ಷರತ್ತಿನ ಮೇಲೆ ಕೊಡಲಿ. ಕಂಪನಿ ತನ್ನ ಪಾಲು ಹಾಕಬೇಕು. ನೆರವು ಒಬ್ಬರಿಗಲ್ಲ, ಹಲವರಿಗೆ ಹಂಚಿಕೆಯಾಗಬೇಕು. ಸಾರ್ವಜನಿಕ ಹಣದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ, ಸೋಲಿನದೂ ಸೇರಿ, ಬಹಿರಂಗವಾಗಬೇಕು. ನೆರವಿನ ಅವಧಿ ಮೊದಲೇ ನಿಗದಿಯಾಗಿರಬೇಕು. ಎಷ್ಟು ಗಿಗಾವಾಟ್ ಕಾರ್ಖಾನೆ ಎದ್ದಿತು ಎಂದು ಸಚಿವರು ಹೇಳಿದಾಗ ಶಾಸನಸಭೆಗಳಲ್ಲಿ ಕೂತವರು ಇನ್ನೆರಡು ಪ್ರಶ್ನೆ ಕೇಳಲಿ: ಈ ಹಣದಿಂದ ಯೂನಿಟ್ಟಿನ ದರ ಎಷ್ಟು ಪೈಸೆ ಇಳಿಯಿತು? ಹಣ ಪಡೆದ ಕಂಪನಿ ನಾಳೆ ಮುಚ್ಚಿದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಈ ಎರಡಕ್ಕೂ ಉತ್ತರವಿರುವ ಯೋಜನೆಗೆ ತೆರಿಗೆದಾರ ಧಾರಾಳವಾಗಿ ಕೊಡಬಹುದು.